ಕೆ.ಜಿ. ಲೆಕ್ಕದ ಹತ್ತಿ, ಲೆಕ್ಕಕ್ಕೆ ಸಿಗದ ಕೈ

ದೇವದುರ್ಗ, ಮಾನ್ವಿ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಅರಳಿತೆಂದರೆ ಹೆಂಗಸರ ಕೈಗೆ ಪುರುಸೊತ್ತಿಲ್ಲ. ಕೂಲಿ ಸಿಗುವುದು ಬಿಡಿಸಿದ ಹತ್ತಿಯ ತೂಕಕ್ಕೆ. ಅದೇ ಹತ್ತಿ ರಾಯಚೂರಿನ ಮಾರುಕಟ್ಟೆ ಸೇರಿದಾಗ ತೇವ ಎಷ್ಟು, ಎಳೆ ಎಷ್ಟುದ್ದ, ಕಸ ಎಷ್ಟು ಎಂದೆಲ್ಲ ನೋಡುತ್ತಾರೆ. ಬಿಡಿಸಿದ ಕೈ ಎಷ್ಟು ದಣಿಯಿತು ಎಂಬುದು ಮಾತ್ರ ಯಾವ ಚೀಟಿಯಲ್ಲೂ ಇಲ್ಲ. ಅದನ್ನೂ ಅಳೆಯಬಹುದು, ಅಳೆಯಲೇಬೇಕು.

ಕೆಲಸವನ್ನು ಹತ್ತಿರದಿಂದ ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಅರಳಿದ ಹತ್ತಿಯನ್ನು ಚಿವುಟಿ ಹಿಡಿಯುತ್ತವೆ. ಮಣಿಕಟ್ಟು ಬಾಗಿ, ತಿರುಗಿ, ಎಳೆಯುತ್ತದೆ. ಒಣಗಿದ ಕಾಯಿಯ ಚೂಪು ತುದಿ ಉಗುರಿನ ಬುಡಕ್ಕೆ ಚುಚ್ಚುತ್ತದೆ. ಮುಷ್ಟಿ ತುಂಬಿದೊಡನೆ ಕೈ ಉಡಿಗೆ ಹೋಗಿ ಬರುತ್ತದೆ. ಇದಕ್ಕೆ ಬೇಕಾದ ಬಲ ಅಲ್ಪ. ತೊಂದರೆ ಇರುವುದು ಎಣಿಕೆಯಲ್ಲಿ. ಒಂದು ಕಾಯಿಯಲ್ಲಿ ಬೀಜಸಹಿತ ಸುಮಾರು 4ರಿಂದ 5 ಗ್ರಾಂ ಹತ್ತಿ, ಅಂದರೆ ಕೆ.ಜಿ.ಗೆ 200ರಿಂದ 250 ಕಾಯಿ. ಒಬ್ಬಾಕೆ ಏಳು ತಾಸಿನಲ್ಲಿ 40 ಕೆ.ಜಿ. ಬಿಡಿಸಿದಳು ಎನ್ನಿ. ಆಗ 8,000ದಿಂದ 10,000 ಕಾಯಿ, ಸರಿಸುಮಾರು ಮೂರು ಸೆಕೆಂಡಿಗೆ ಒಂದು. ಅಮೆರಿಕದ ಸಂಶೋಧಕರು 1980ರ ದಶಕದಲ್ಲೇ 30 ಸೆಕೆಂಡಿನೊಳಗೆ ಮರುಕಳಿಸುವ ಕೆಲಸವನ್ನು ‘ಅತಿ ಪುನರಾವರ್ತನೆ’ಯ ಗುಂಪಿಗೆ ಸೇರಿಸಿದ್ದರು.

ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಮಣಿಕಟ್ಟಿನ ಒಂದೇ ಇಕ್ಕಟ್ಟಿನ ಸುರಂಗದಲ್ಲಿ ಹಾಯುತ್ತವೆ. ಚಿವುಟುವ ಹಿಡಿತ, ಬಾಗಿದ ಮಣಿಕಟ್ಟು, ಬಿಡುವಿಲ್ಲದ ಚಲನೆ ಒಟ್ಟಾದರೆ ಅಲ್ಲಿ ಒತ್ತಡ ಏರಿ ನರ ಅದುಮಿಹೋಗುತ್ತದೆ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು, ರಾತ್ರಿ ನಿದ್ದೆಗೆಡಿಸುವ ಉರಿ: ಇದೇ ಕಾರ್ಪಲ್ ಟನಲ್ ಸಿಂಡ್ರೋಮ್. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ವೃತ್ತಿರೋಗಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಅಳೆಯುವುದು ಹೇಗೆ? ಸಂಶೋಧಕರಾದ ಮೂರ್ ಮತ್ತು ಗರ್ಗ್ 1995ರಲ್ಲಿ ರೂಪಿಸಿದ ‘ಸ್ಟ್ರೇನ್ ಇಂಡೆಕ್ಸ್’ ಬಲ, ಅವಧಿ, ನಿಮಿಷಕ್ಕೆಷ್ಟು ಸಲ, ಮಣಿಕಟ್ಟಿನ ಭಂಗಿ, ವೇಗ, ದಿನದ ತಾಸು ಈ ಆರಕ್ಕೂ ಅಂಕ ಕೊಟ್ಟು ಗುಣಿಸುತ್ತದೆ. ಹೊಲಕ್ಕೆ ಇನ್ನೂ ಸುಲಭವಾದದ್ದು ಅಮೆರಿಕದ ವೃತ್ತಿ ಆರೋಗ್ಯ ತಜ್ಞರ ಎಸಿಜಿಐಎಚ್ ಸಂಸ್ಥೆಯ ‘ಕೈ ಚಟುವಟಿಕೆ ಮಟ್ಟ’. ದಿನಕ್ಕೆ ನಾಲ್ಕು ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಕೆಲಸ ಮಾಡುವವರಿಗಾಗಿ ಇದನ್ನು ಮಾಡಿದ್ದಾರೆ. ಕೈ ಬಹುಪಾಲು ಸುಮ್ಮನಿದ್ದರೆ ಸೊನ್ನೆ, ಕೆಲಸದ ವೇಗಕ್ಕೆ ಕೈ ಸೋಲುವಂತಿದ್ದರೆ ಹತ್ತು. ಬಲಕ್ಕೂ ಸೊನ್ನೆಯಿಂದ ಹತ್ತರ ಅಂಕ; ಎಷ್ಟು ಬಲ ಬಿತ್ತೆಂದು ಕೆಲಸ ಮಾಡುವವರನ್ನೇ ಕೇಳಬಹುದು. ಹತ್ತರಿಂದ ಚಟುವಟಿಕೆಯ ಅಂಕ ಕಳೆದು, ಉಳಿದದ್ದರಿಂದ ಬಲದ ಅಂಕವನ್ನು ಭಾಗಿಸಬೇಕು. 2018ರಲ್ಲಿ ಪರಿಷ್ಕರಿಸಿದ ಮಿತಿ 0.56.

ಬಿರುಸಾಗಿ ಬಿಡಿಸುವ ಕೈಗೆ 7, ಬಲಕ್ಕೆ ಬರೀ 2 ಕೊಡೋಣ. ಎರಡನ್ನು ಮೂರರಿಂದ ಭಾಗಿಸಿದರೆ 0.67. ಹಗುರ ಎನಿಸುವ ಕೆಲಸವೇ ಮಿತಿ ದಾಟಿತು! ನಡುನಡುವೆ ಬಿಡುವು ಸಿಕ್ಕು ಚಟುವಟಿಕೆ 5ಕ್ಕೆ ಇಳಿದರೆ ಅದೇ ಲೆಕ್ಕ 0.4. ನೆತ್ತಿಯ ಬಿಸಿಲು, ಬಾಗಿದ ಸೊಂಟ, ಉಡಿಯ ಭಾರ ಈ ಸೂತ್ರದೊಳಗಿಲ್ಲ. ಕಾರ್ಖಾನೆಯ ಕೈಗಳನ್ನು ನೋಡಿ ಮಾಡಿದ ಅಳತೆ ಇದು. ಆದರೂ ಒಂದು ಸತ್ಯವನ್ನು ಅದು ಕಣ್ಣ ಮುಂದೆ ಹಿಡಿಯುತ್ತದೆ: ಕೈಯನ್ನು ಉಳಿಸುವುದು ವಿರಾಮ. ಕೆ.ಜಿ. ಲೆಕ್ಕದ ಕೂಲಿ ಕಸಿದುಕೊಳ್ಳುವುದೂ ಅದನ್ನೇ, ಕೂತರೆ ಕಾಸು ಕಡಿಮೆ. ಹಾಗಾಗಿ ಸಂಬಳ ಕತ್ತರಿಸದ ಬಿಡುವು ಕೊಡದೆ ಬೇರೆ ಸಲಹೆ ಕೊಡುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ.

ಇಟಲಿಯ ವೈದ್ಯ ರಾಮಾಜಿನಿ 1700ರಲ್ಲಿ ಪ್ರಕಟಿಸಿದ ಕಸುಬು ಮತ್ತು ಕಾಯಿಲೆಗಳ ಗ್ರಂಥದಲ್ಲಿ, ರೋಗಿಯನ್ನು ‘ನಿನ್ನ ಕಸುಬೇನು?’ ಎಂದು ಕೇಳಿರಿ ಎಂದು ವೈದ್ಯರಿಗೆ ಹೇಳಿದ್ದ. ದೇವದುರ್ಗ, ಮಾನ್ವಿಯ ವೈದ್ಯರಲ್ಲಿ ನನ್ನ ಕೋರಿಕೆಯೂ ಅದೇ. ಕೈ ಜೋಮು ಎಂದು ಬಂದ ಹೆಣ್ಣುಮಗಳಿಗೆ ನೋವಿನ ಮಾತ್ರೆ ಬರೆಯುವ ಮೊದಲು, ದಿನಕ್ಕೆ ಎಷ್ಟು ಕೆ.ಜಿ. ಹತ್ತಿ ಬಿಡಿಸುತ್ತೀ ಎಂದು ಕೇಳಿ. ಅವಳ ಉತ್ತರವನ್ನು ಚೀಟಿಯಲ್ಲಿ ಬರೆದಿಡಿ.