377 ಹೋಯ್ತು, ಮನೆ ಬಾಗಿಲು ತೆರೀತಾ?

“377 ಹೋಯ್ತಲ್ಲ ಮಾರಾಯ, ಇನ್ನೇನು ಸಮಸ್ಯೆ?” ಸಲಿಂಗಿಗಳ ಹಕ್ಕಿನ ಮಾತು ಬಂದಾಗಲೆಲ್ಲ ಕ್ಯಾಂಟೀನಿನಲ್ಲಿ ಯಾರಾದ್ರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಪೇಪರುಗಳಲ್ಲಿ ಕಾಮನಬಿಲ್ಲಿನ ಬಾವುಟದ ಫೋಟೋ ಬಂತು, ಅಲ್ಲಿಗೆ ಎಲ್ಲ ಮುಗೀತು ಅಂತ ಬಹಳಷ್ಟು ಜನ ಅಂದುಕೊಂಡ್ರು. ಆದರೆ ಹುಡುಗಿಯನ್ನು ಪ್ರೀತಿಸುವ ಹುಡುಗಿಯ ಕತೆ ಸ್ವಲ್ಪ ಬೇರೆ. ಅವಳನ್ನು ಜೈಲಿಗೆ ಹಾಕುವ ಕಾನೂನಿಗಿಂತ, ಕೋಣೆಯಲ್ಲಿ ಕೂಡಿ ಹಾಕುವ ಮನೆಯೇ ಅವಳಿಗೆ ದೊಡ್ಡ ತೊಡಕು. ಹಾಗಾಗಿ ಅವಳ ಹೋರಾಟದ ಇತಿಹಾಸ ಹುಡುಕೋಕೆ 377ರ ಜೊತೆಗೆ ಇನ್ನೊಂದು ಹೆಸರೂ ಗೊತ್ತಿರಬೇಕು: ಹೇಬಿಯಸ್ ಕಾರ್ಪಸ್. ಅದೇನು, ಹೇಗೆ ಕೆಲಸ ಮಾಡತ್ತೆ ಅಂತ ಇಲ್ಲಿ ನೋಡೋಣ.

ಮೊದಲು ಪದಗಳು

ಯಾರ ಕಡೆ ಮನಸ್ಸು, ದೇಹ ಸೆಳೆಯತ್ತೆ ಅನ್ನೋದು ಲೈಂಗಿಕ ಒಲವು. ನಾನು ಗಂಡೋ, ಹೆಣ್ಣೋ, ಬೇರೆಯೋ ಅಂತ ಒಳಗಿನಿಂದ ಅನ್ನಿಸೋದು ಲಿಂಗತ್ವ. ಇವೆರಡೂ ಬೇರೆ ಬೇರೆ. ಲೆಸ್ಬಿಯನ್ ಅಂದ್ರೆ ಹೆಣ್ಣಿನ ಕಡೆ ಒಲವಿರುವ ಹೆಣ್ಣು. ಅವಳು “ಗಂಡಾಗಬೇಕು ಅಂತಿದ್ದಾಳೆ” ಅಂತ ತಿಳಿಯೋದು ತಪ್ಪು. ಕನ್ನಡದಲ್ಲಿ “ಸಲಿಂಗಕಾಮಿ” ಅನ್ನೋ ಪದ ಹಳೆಯದು, ಆದರೆ ಅದು ಇಡೀ ಬದುಕನ್ನು ಕಾಮಕ್ಕೆ ಇಳಿಸಿಬಿಡತ್ತೆ. ಹಾಗಾಗಿ ಈಗ “ಸಲಿಂಗಪ್ರೇಮಿ”, “ಸಲಿಂಗಿ” ಅನ್ನೋರು ಹೆಚ್ಚು. ಕರ್ನಾಟಕದ ಸಂಘಟನೆಗಳು “ಲೈಂಗಿಕ ಅಲ್ಪಸಂಖ್ಯಾತರು” ಅನ್ನುವ ಪದವನ್ನೂ ಬಳಸುತ್ತಾ ಬಂದಿವೆ.

ಇದು ಕಾಯಿಲೆಯಾ? ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದವು. ಭಾರತದ ಮನೋವೈದ್ಯರ ಸಂಘವೂ ಅದನ್ನೇ ಹೇಳಿದೆ. ಕಾಯಿಲೆಯೇ ಅಲ್ಲದ್ದಕ್ಕೆ ಔಷಧಿ ಎಲ್ಲಿಂದ ಬರಬೇಕು?

377 ಮತ್ತು ಹೆಣ್ಣು

ಭಾರತೀಯ ದಂಡ ಸಂಹಿತೆ ಬಂದದ್ದು 1860ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅದರ 377ನೇ ಸೆಕ್ಷನ್ “ಪ್ರಕೃತಿಗೆ ವಿರುದ್ಧವಾದ” ಸಂಭೋಗಕ್ಕೆ ಜೀವಾವಧಿವರೆಗೆ ಶಿಕ್ಷೆ ಹೇಳುತ್ತಿತ್ತು. ಸಲಿಂಗ ಪ್ರೇಮ ವಿದೇಶದಿಂದ ಬಂದದ್ದು ಅಂತ ವಾದ ಮಾಡೋರು ಗಮನಿಸಬೇಕಾದ ವಿಷಯ ಇದು. ವಿದೇಶದಿಂದ ಬಂದಿದ್ದು ಆ ಕಾನೂನು.

ಆ ಸೆಕ್ಷನ್ನಿನ ವಿವರಣೆಯಲ್ಲಿ ಅಪರಾಧ ಆಗೋಕೆ ಲಿಂಗಪ್ರವೇಶ ಬೇಕು ಅನ್ನುವ ಅರ್ಥ ಇತ್ತು. ಹಾಗಾಗಿ ಇಬ್ಬರು ಹೆಂಗಸರಿಗೆ ಅದು ಅನ್ವಯಿಸತ್ತಾ ಅನ್ನೋದೇ ವಕೀಲರ ನಡುವೆ ಚರ್ಚೆಯಾಗಿತ್ತು. ಕಾನೂನು ಬರೆದವರ ತಲೆಯಲ್ಲಿ ಗಂಡಸರಷ್ಟೇ ಇದ್ದರು. 2001ರಲ್ಲಿ ದೆಹಲಿ ಹೈಕೋರ್ಟಿಗೆ ಹೋದ ನಾಜ್ ಫೌಂಡೇಶನ್ ಎಚ್ಐವಿ ತಡೆಯುವ ಕೆಲಸ ಮಾಡುತ್ತಿದ್ದ ಸಂಸ್ಥೆ. ಸಹಜವಾಗಿ ಆ ವಾದದಲ್ಲೂ ಗಂಡಸರ ಆರೋಗ್ಯದ ವಿಷಯಕ್ಕೇ ಹೆಚ್ಚು ಜಾಗ ಸಿಕ್ಕಿತು.

ಮುಂದಿನದ್ದು ನಿಮಗೆ ಗೊತ್ತಿರಬಹುದು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧ ಅಲ್ಲ ಅಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದ ತೀರ್ಪು ಬಂತು. ಆ ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅವರು ಕೋರ್ಟಿಗೆ ಹೋದದ್ದು ಆಧಾರ್ ವಿಷಯಕ್ಕೆ. ಆದರೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅನ್ನುವಾಗ, ಲೈಂಗಿಕ ಒಲವೂ ಅದರೊಳಗೇ ಬರತ್ತೆ ಅನ್ನುವ ಮಾತು ಬಂತು. 2018ರ ತೀರ್ಪಿಗೆ ತಳಪಾಯ ಬಿದ್ದದ್ದು ಅಲ್ಲಿ. ಇನ್ನೊಂದು ವಿಷಯ ನಮ್ಮಂಥ ಇಂಜಿನಿಯರಿಂಗ್ ಮಂದಿಗೆ: 2018ರಲ್ಲಿ 377ರ ವಿರುದ್ಧ ಅರ್ಜಿ ಹಾಕಿದವರಲ್ಲಿ ಬೇರೆ ಬೇರೆ ಐಐಟಿಗಳ 20 ಜನ ಹಳೆಯ ಮತ್ತು ಆಗಿನ ವಿದ್ಯಾರ್ಥಿಗಳೂ ಇದ್ದರು.

ಹಾಗಾದ್ರೆ ಹೆಣ್ಣುಮಕ್ಕಳಿಗೆ ತೊಂದರೆ ಎಲ್ಲಿಂದ ಬರುತ್ತಿತ್ತು? 1987ರಲ್ಲಿ ಭೋಪಾಲದಲ್ಲಿ ಲೀಲಾ, ಊರ್ಮಿಳಾ ಅನ್ನೋ ಇಬ್ಬರು ಪೊಲೀಸ್ ಸಿಬ್ಬಂದಿ ಮದುವೆಯಾದರು. ಅವರ ಕೆಲಸವೇ ಹೋಯಿತು. 1998ರಲ್ಲಿ ದೀಪಾ ಮೆಹ್ತಾ ಅವರ ‘ಫೈರ್’ ಸಿನಿಮಾ ಬಂತು. ಒಂದೇ ಮನೆಯ ಇಬ್ಬರು ಸೊಸೆಯಂದಿರ ಪ್ರೀತಿಯ ಕತೆ. ಮುಂಬೈ, ದೆಹಲಿಯ ಥಿಯೇಟರುಗಳ ಮೇಲೆ ದಾಳಿಯಾಯಿತು. ಅದನ್ನು ವಿರೋಧಿಸಿ ದೆಹಲಿಯ ರೀಗಲ್ ಚಿತ್ರಮಂದಿರದ ಮುಂದೆ ಜನ ಸೇರಿದಾಗ, ತಾವು ಭಾರತೀಯರೂ ಹೌದು, ಲೆಸ್ಬಿಯನ್ನರೂ ಹೌದು ಅಂತ ಬರೆದ ಫಲಕ ಹಿಡಿದು ಹೆಂಗಸರು ಬೀದಿಯಲ್ಲಿ ನಿಂತರು. ಈ ಎರಡರಲ್ಲೂ ಪೆಟ್ಟು ಕೊಟ್ಟದ್ದು 377 ಅಲ್ಲ. ಒಂದು ಕಡೆ ಕೆಲಸ ಕೊಟ್ಟವರು, ಇನ್ನೊಂದು ಕಡೆ ಬೀದಿಯ ಗುಂಪು. ಆದರೆ ಹೆಚ್ಚಿನವರ ಕತೆ ಬೀದಿವರೆಗೂ ಬರೋದಿಲ್ಲ, ಹೊಸ್ತಿಲೊಳಗೇ ಮುಗಿಯತ್ತೆ. ಫೋನ್ ಕಿತ್ಕೊಳ್ಳೋದು, ಓದು ಬಿಡಿಸೋದು, ಗಡಿಬಿಡಿಯಲ್ಲಿ ಗಂಡು ಹುಡುಕೋದು, “ಸರಿ ಮಾಡಿಸ್ತೀವಿ” ಅಂತ ಆಸ್ಪತ್ರೆಗೋ ದೇವಸ್ಥಾನಕ್ಕೋ ಎಳ್ಕೊಂಡು ಹೋಗೋದು. ಕೇರಳದಲ್ಲಿ ಸಹಯಾತ್ರಿಕ ಅನ್ನುವ ಸಂಘಟನೆ ಹುಟ್ಟಿದ ಹಿನ್ನೆಲೆಯಲ್ಲೇ ಒಟ್ಟಿಗೆ ಪ್ರಾಣ ಕಳೆದುಕೊಂಡ ಹೆಣ್ಣುಮಕ್ಕಳ ಸುದ್ದಿಗಳಿವೆ.

ಒಂದೇ ಅರ್ಜಿ, ಎರಡು ಕಡೆ

ಈಗ ಹೇಬಿಯಸ್ ಕಾರ್ಪಸ್‌ಗೆ ಬರೋಣ. ಯಾರನ್ನಾದ್ರೂ ಕಾನೂನುಬಾಹಿರವಾಗಿ ಹಿಡಿದಿಟ್ಟಿದ್ದರೆ, “ಆ ವ್ಯಕ್ತಿಯನ್ನು ನನ್ನ ಮುಂದೆ ತನ್ನಿ” ಅಂತ ಕೋರ್ಟ್ ಆದೇಶ ಕೊಡಬಹುದು. ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟಿಗೆ, 32ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಬಂಧನದಲ್ಲಿರುವವರೇ ಅರ್ಜಿ ಹಾಕಬೇಕಿಲ್ಲ, ಅವರ ಪರವಾಗಿ ಗೆಳತಿಯೂ ಹಾಕಬಹುದು. ಹಿಡಿದಿಟ್ಟವರು ಪೊಲೀಸರೇ ಆಗಬೇಕಿಲ್ಲ, ಅಪ್ಪ ಅಮ್ಮನೂ ಆಗಿರಬಹುದು.

ಇದರಲ್ಲಿ ಒಂದು ವಿಚಿತ್ರ ಇದೆ. ಮನೆ ಬಿಟ್ಟು ಹೋದ ಮಗಳನ್ನು ವಾಪಸ್ ತರೋಕೆ ತಂದೆ ತಾಯಿ ಹಾಕೋದೂ ಇದೇ ಅರ್ಜಿ. ಮನೆಯಲ್ಲಿ ಸಿಕ್ಕಿಹಾಕಿಕೊಂಡ ಗೆಳತಿಯನ್ನು ಬಿಡಿಸೋಕೆ ಸಂಗಾತಿ ಹಾಕೋದೂ ಇದೇ ಅರ್ಜಿ. ಎರಡರಲ್ಲೂ ಕೋರ್ಟ್ ಕೇಳಬೇಕಾದ ಪ್ರಶ್ನೆ ಒಂದೇ: ಅವಳಿಗೆ 18 ತುಂಬಿದೆಯಾ, ತುಂಬಿದ್ರೆ ಅವಳ ಇಷ್ಟ ಏನು?

2018ರ ತೀರ್ಪು ಬಂದ ಅದೇ ತಿಂಗಳು ಕೇರಳ ಹೈಕೋರ್ಟಿನಲ್ಲಿ ಇಂಥ ಅರ್ಜಿ ಬಂತು. ಇಬ್ಬರು ಹೆಂಗಸರೂ ಒಟ್ಟಿಗೆ ಇರಬಹುದು ಅಂತ ಕೋರ್ಟ್ ಹೇಳಿತು. 2022ರ ಮೇ 31ರಂದು ಅದೇ ಕೋರ್ಟ್ ಇನ್ನೊಂದು ಜೋಡಿಗೂ ಹಾಗೇ ಹೇಳಿತು. ಸೌದಿಯಲ್ಲಿ ಶಾಲೆಗೆ ಹೋಗುವಾಗ ಗೆಳತಿಯರಾದವರು ಅವರು. ಒಬ್ಬಳನ್ನು ಮನೆಯವರು ಕರೆದುಕೊಂಡು ಹೋದಾಗ ಇನ್ನೊಬ್ಬಳು ಕೋರ್ಟಿನ ಮೆಟ್ಟಿಲು ಹತ್ತಿದಳು.

ತಮಿಳುನಾಡಿನದ್ದು ಇನ್ನೊಂದು ದಾರಿ. ಮಧುರೈಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರ ಮೇಲೆ ಮನೆಯವರು “ಕಾಣೆಯಾಗಿದ್ದಾರೆ” ಅಂತ ದೂರು ಕೊಟ್ಟಿದ್ದರು. ಅವರು ರಕ್ಷಣೆ ಕೇಳಿ ಮದ್ರಾಸ್ ಹೈಕೋರ್ಟಿಗೆ ಹೋದಾಗ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ವಿಷಯ ತನಗೇ ಸರಿಯಾಗಿ ಅರ್ಥವಾಗಬೇಕು ಅಂತ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕೂತು ಕಲಿತರು. ಆಮೇಲೆ 2021ರ ಜೂನ್ 7ರಂದು ಆದೇಶ ಬರೆದರು. ಇಬ್ಬರೂ ವಯಸ್ಕರು, ಇಷ್ಟಪಟ್ಟು ಜೊತೆಗಿದ್ದಾರೆ ಅಂತ ಗೊತ್ತಾದರೆ ಪೊಲೀಸರು ಅಂಥ ದೂರನ್ನು ಮುಗಿಸಬೇಕು, ಕಿರುಕುಳ ಕೊಡಬಾರದು. ಒಲವನ್ನು “ಬದಲಾಯಿಸುವ” ಚಿಕಿತ್ಸೆಯನ್ನೂ ಆ ಆದೇಶ ನಿಷೇಧಿಸಿತು. ಇದರ ಬೆನ್ನಿಗೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇಂಥ ಚಿಕಿತ್ಸೆ ಮಾಡೋದು ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿತು.

“ನಿನ್ನಿಷ್ಟ ಏನಮ್ಮಾ?”

ಇಲ್ಲೊಂದು ಸೂಕ್ಷ್ಮ ಇದೆ. “ನಿನ್ನಿಷ್ಟ ಏನು?” ಅಂತ ಕೇಳಿದ್ರೆ ಸಾಕಾ? ವಾರಗಟ್ಟಲೆ ಕೋಣೆಯಲ್ಲಿ ಕೂಡಿ ಹಾಕಿದ ಹುಡುಗಿಯನ್ನು ಕರೆತಂದು, ಪಕ್ಕದಲ್ಲೇ ಅಪ್ಪ, ಚಿಕ್ಕಪ್ಪ, ಮಾವ ನಿಂತಿರುವಾಗ ಕೇಳಿದ್ರೆ ಅವಳು ಏನು ಹೇಳಿಯಾಳು? ಅಳತೆ ಮಾಡುವ ರೀತಿ ತಪ್ಪಾದರೆ ರೀಡಿಂಗ್ ಸರಿ ಬರಲ್ಲ ಅಂತ ಲ್ಯಾಬಿನಲ್ಲಿ ಕಲಿತಿದ್ದೀವಲ್ವಾ, ಇಲ್ಲೂ ಹಾಗೇ.

2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ದೇವು ಜಿ. ನಾಯರ್ ಪ್ರಕರಣದಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಆ ಪ್ರಕರಣದಲ್ಲಿ ಯುವತಿ ತನ್ನಿಷ್ಟದಿಂದಲೇ ಮನೆಯಲ್ಲಿದ್ದೇನೆ ಅಂತ ಹೇಳಿದ್ದರಿಂದ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಆದರೂ ಮುಂದಿನ ಪ್ರಕರಣಗಳಿಗಾಗಿ ಕೋರ್ಟ್ ಎಲ್ಲ ಹೈಕೋರ್ಟುಗಳಿಗೂ ಮಾರ್ಗಸೂಚಿ ಕೊಟ್ಟಿತು. ಸಂಗಾತಿ ಅಥವಾ ಗೆಳೆಯರು ಹಾಕಿದ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಆದ್ಯತೆ ಮೇಲೆ ತಗೋಬೇಕು. ಇಬ್ಬರ ನಡುವಿನ ಸಂಬಂಧ ಎಂಥದ್ದು ಅಂತ ಕೆದಕಬಾರದು. ಹುಡುಗಿಯ ಜೊತೆ ನ್ಯಾಯಮೂರ್ತಿಗಳು ಖಾಸಗಿಯಾಗಿ ಮಾತಾಡಬೇಕು, ಆಗ ಮನೆಯವರಾಗಲಿ ಪೊಲೀಸರಾಗಲಿ ಅವಳ ಮೇಲೆ ಒತ್ತಡ ಹಾಕದಂತೆ ನೋಡಿಕೊಳ್ಳಬೇಕು. ಅವಳು ಹೋಗ್ತೀನಿ ಅಂದ್ರೆ ತಡಮಾಡದೆ ಬಿಡಬೇಕು. ಕೌನ್ಸೆಲಿಂಗ್ ಹೆಸರಲ್ಲಿ ಅವಳ ಒಲವನ್ನು ಬದಲಾಯಿಸೋ ಪ್ರಯತ್ನ ಕೂಡದು. ಓದೋಕೆ ಸಣ್ಣ ಸಣ್ಣ ನಿಯಮಗಳು. ಆದರೆ ಒಬ್ಬಳು ನಿಜ ಹೇಳ್ತಾಳಾ, ಹೆದರಿ ಸುಮ್ಮನಾಗ್ತಾಳಾ ಅನ್ನೋದು ಇವುಗಳ ಮೇಲೇ ನಿಂತಿದೆ.

2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ 25 ವರ್ಷದ ಯುವತಿಯೊಬ್ಬಳನ್ನು ಮನೆಯವರಿಂದ ಬಿಡಿಸುತ್ತಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕುಟುಂಬ ಕಟ್ಟೋಕೆ ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡವರೂ ಕುಟುಂಬ ಆಗಬಹುದು ಅಂದಿತು.

ಹೊರಗೆ ಬಂದ ಮೇಲೆ?

ಬಾಗಿಲು ದಾಟಿದ ಮೇಲಿನ ಬದುಕು ಸಲೀಸೇನಲ್ಲ. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು. ಮದುವೆ ಅಂದ್ರೆ ಬರೀ ತಾಳಿ, ಓಲಗ ಅಲ್ಲವಲ್ಲ. ಆಸ್ಪತ್ರೆಯಲ್ಲಿ ಸಹಿ, ಪಿಂಚಣಿ, ಆಸ್ತಿ ಎಲ್ಲಕ್ಕೂ ಅದೇ ಆಧಾರ. ಸ್ವಲ್ಪ ಬದಲಾವಣೆ ಆಗಿರೋದೂ ನಿಜ. ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆಗೆಯೋಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋಕೆ ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು.

ಇನ್ನು ಹೆಸರಿದ್ದವರಿಗೂ ಇದು ಸುಲಭ ಅಲ್ಲ. ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ತಾನು ಒಬ್ಬಳು ಹುಡುಗಿಯನ್ನು ಪ್ರೀತಿಸ್ತೀನಿ ಅಂತ ಬಹಿರಂಗವಾಗಿ ಹೇಳಿದರು. 100 ಮೀಟರ್ ಓಟದಲ್ಲಿ ರಾಷ್ಟ್ರೀಯ ದಾಖಲೆ ಮಾಡಿದ ಹುಡುಗಿಗೂ ಮೊದಲ ವಿರೋಧ ಎದುರಾದದ್ದು ಮನೆಯಿಂದ, ಊರಿನಿಂದ. ಸಂಬಳ, ಹೆಸರು ಎರಡೂ ಇನ್ನೂ ಇಲ್ಲದ, ಫೀಸಿಗೂ ಮೆಸ್ ಬಿಲ್ಲಿಗೂ ಮನೆಯನ್ನೇ ನಂಬಿರುವ ಹಾಸ್ಟೆಲ್ ಹುಡುಗಿಯ ಪಾಡು ಏನಿರಬಹುದು, ಯೋಚಿಸಿ.

ನಮ್ಮ ಕೈಯಲ್ಲಿ ಏನಿದೆ?

ಮೊದಲನೆಯದು, ಬಾಯಿ ಬಿಗಿ ಹಿಡಿಯೋದು. ಗೆಳತಿಯೊಬ್ಬಳು ನಿಮ್ಮನ್ನು ನಂಬಿ ಹೇಳಿಕೊಂಡರೆ ಅದು ಅವಳ ಮಾತು, ಇನ್ನೊಬ್ಬರಿಗೆ ದಾಟಿಸೋ ಸುದ್ದಿ ಅಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ತಮಾಷೆಗೆ ಹಾಕಿದ ಒಂದು ಸ್ಕ್ರೀನ್‌ಶಾಟ್ ಅವಳ ಮನೆ ತಲುಪಿದರೆ ಮುಂದಿನ ಸೆಮಿಸ್ಟರಿಗೆ ಅವಳು ಇಲ್ಲಿ ಇರದೇ ಹೋಗಬಹುದು.

ಎರಡನೆಯದು, ಲೈಂಗಿಕ ಒಲವಿನ ಕಾರಣಕ್ಕೆ ಹೀಯಾಳಿಸೋದು, ದೂರ ಇಡೋದು ರ್‍ಯಾಗಿಂಗ್ ಆಗತ್ತೆ ಅಂತ ಯುಜಿಸಿ 2016ರ ತಿದ್ದುಪಡಿಯಲ್ಲೇ ಹೇಳಿದೆ. ಇದರ ಮೇಲೆ ಕಾಲೇಜಿನ ಆ್ಯಂಟಿ ರ್‍ಯಾಗಿಂಗ್ ಸಮಿತಿಗೆ ದೂರು ಕೊಡಬಹುದು.

ಮೂರನೆಯದು, ಯಾರನ್ನಾದ್ರೂ ಮನೆಯಲ್ಲಿ ಕೂಡಿ ಹಾಕಿದ್ದಾರೆ ಅಂತ ಖಚಿತವಾದರೆ ಗೆಳೆಯರಾಗಿ ನೀವೂ ಕೋರ್ಟಿಗೆ ಹೋಗಬಹುದು. ದುಡ್ಡಿಲ್ಲ ಅಂತ ಹಿಂಜರಿಯಬೇಕಿಲ್ಲ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಅದರ ಸಹಾಯವಾಣಿ 15100. ಮನಸ್ಸು ಕುಸಿದಾಗ ಮಾತಾಡೋಕೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಲೈಂಗಿಕ ಅಲ್ಪಸಂಖ್ಯಾತರ ಜೊತೆ ಕೆಲಸ ಮಾಡುತ್ತಿರುವ ಸಂಗಮದಂಥ ಸಂಸ್ಥೆಗಳಿವೆ.

ಕ್ಯಾಂಟೀನಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. 377 ಹೋಗಿದ್ದರಿಂದ ಅಪರಾಧಿ ಅನ್ನೋ ಹಣೆಪಟ್ಟಿ ಹೋಯಿತು, ಅದು ಸಣ್ಣದಲ್ಲ. ಆದರೆ ಚಿಲಕ ಇರೋದು ಮನೆಯಲ್ಲಿ. ಅದನ್ನು ತೆಗೆಸೋಕೆ ಇವತ್ತಿಗೂ ಒಬ್ಬೊಬ್ಬಳಿಗೂ ಒಂದೊಂದು ಅರ್ಜಿ ಬೇಕಾಗಿದೆ, ಆ ಅರ್ಜಿ ಹಾಕೋಕೆ ಹೊರಗಡೆ ಒಬ್ಬರಾದ್ರೂ ಇರಬೇಕಾಗಿದೆ.