ದೇವರ ಆಯ್ಕೆಯೂ ಮನುಷ್ಯನ ನಂಬಿಕೆಯೂ: ಡಚ್ಚರ ನಾಡಿನ ಒಂದು ವಿವಾದ

ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ ಹೊಂದಿ ನಿತ್ಯಜೀವವನ್ನು ಪಡೆಯುವುದು, ದೇವರ ಕೃಪೆಯಿಂದಲೇ ಸಾಧ್ಯವೆಂಬ ನಂಬಿಕೆಯು ಐದನೆಯ ಶತಮಾನದಲ್ಲಿ ಮನುಷ್ಯನು ಸ್ವಪ್ರಯತ್ನದಿಂದಲೇ ಪಾಪವನ್ನು ಗೆಲ್ಲಬಲ್ಲನೆಂದ ಪೆಲೇಜಿಯಸನನ್ನು ಖಂಡಿಸಿದ ಸಂತ ಅಗಸ್ಟೀನನ ಬರಹಗಳಲ್ಲಿಯೇ ಸ್ಪಷ್ಟವಾಗಿದೆ. ಜಿನೀವಾದ ಸುಧಾರಕ ಜಾನ್ ಕ್ಯಾಲ್ವಿನ್ (1509–1564), ರಕ್ಷಣೆ ಹೊಂದತಕ್ಕವರನ್ನು ದೇವರು ಅನಾದಿಯಲ್ಲಿಯೇ ನಿಶ್ಚಯಿಸಿದ್ದಾನೆಂಬ ಪೂರ್ವನಿರ್ಣಯ ತತ್ತ್ವವನ್ನು ದೃಢವಾಗಿ ಪ್ರತಿಪಾದಿಸಿದನಾದರೂ, ಇಂದು ಅವನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಐದು ಸೂತ್ರಗಳು ಅವನ ರಚನೆಯಲ್ಲ.

ಅವು ರೂಪುಗೊಂಡದ್ದು ಡಚ್ ಗಣರಾಜ್ಯದಲ್ಲಿ. ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅರ್ಮಿನಿಯಸ್, ಯಾರು ನಂಬುವರೆಂಬುದನ್ನು ಮುಂದಾಗಿಯೇ ತಿಳಿದು ದೇವರು ಆರಿಸುತ್ತಾನೆಂದು ಬೋಧಿಸಿದನು. ಅವನು ತೀರಿಕೊಂಡ ಮರುವರ್ಷ, 1610ರಲ್ಲಿ, ಅವನ ಅನುಯಾಯಿಗಳು ಐದು ಅಂಶಗಳ ಮನವಿಯೊಂದನ್ನು ಸಲ್ಲಿಸಿದರು. ಇದಕ್ಕೆ ಉತ್ತರವಾಗಿ 1618–19ರಲ್ಲಿ ಡೋರ್ಡ್ರೆಕ್ಟ್ ನಗರದಲ್ಲಿ ಸೇರಿದ ಧರ್ಮಸಭೆಯು, ಮನುಷ್ಯ ಸ್ವಭಾವವು ಪೂರ್ಣ ಪಾಪಗ್ರಸ್ತವೆಂದೂ, ದೇವರ ಆಯ್ಕೆಯು ಯಾವ ಅರ್ಹತೆಯನ್ನೂ ನೋಡದೆಂದೂ, ಕ್ರಿಸ್ತನ ಬಲಿಯು ಆಯ್ಕೆಯಾದವರ ವಿಮೋಚನೆಗೆಂದೇ ಉದ್ದೇಶಿತವೆಂದೂ, ಕೃಪೆಯನ್ನು ತಡೆಯಲಾಗದೆಂದೂ, ಅದನ್ನು ಪಡೆದವರು ಕಡೆತನಕ ಉಳಿಯುವರೆಂದೂ ತೀರ್ಪಿತ್ತಿತು. ಇಲ್ಲಿ ಪೂರ್ಣ ಪಾಪಗ್ರಸ್ತತೆಯೆಂದರೆ ಎಲ್ಲರೂ ಅತ್ಯಂತ ದುಷ್ಟರೆಂದಲ್ಲ. ಬುದ್ಧಿ, ಭಾವ, ಸಂಕಲ್ಪಗಳಲ್ಲಿ ಪಾಪ ಮುಟ್ಟದ ಭಾಗವಿಲ್ಲವೆಂದಷ್ಟೇ. ಈ ವ್ಯತ್ಯಾಸವನ್ನು ಮರೆತದ್ದರಿಂದ ಕ್ಯಾಲ್ವಿನ್ ಮತಕ್ಕೆ ಬಹಳ ಅನ್ಯಾಯವಾಗಿದೆ.

ಆದರೆ ವಿವಾದವು ರಾಜಕೀಯದೊಡನೆ ಬೆರೆತು ರಕ್ತವನ್ನೂ ಬೇಡಿದ್ದು ದುಃಖದ ಸಂಗತಿ. ಅರ್ಮಿನಿಯಸನ ಪಕ್ಷಕ್ಕೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟನನ್ನು 1619ರ ಮೇ 13ರಂದು ಹೇಗ್ ನಗರದಲ್ಲಿ ಶಿರಚ್ಛೇದ ಮಾಡಲಾಯಿತು. ಅದೇ ಪಕ್ಷದ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸನಿಗೆ ಆಜೀವ ಸೆರೆವಾಸ ವಿಧಿಸಲಾಯಿತು.