ಬೇನೆಯಿಂದೆದ್ದವರ ಬದುಕು ಮತ್ತು ಕೌದಿ

(ಅಂತಿಮ ಬಿ.ಎ. ವರ್ಗದ ವಿದ್ಯಾರ್ಥಿನಿ)

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿಯಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ಹುಟ್ಟಿದ ಕೂಸನ್ನು ಮಲಗಿಸುವುದು ಕೌದಿಯ ಮೇಲೆ. ಹಾಸಿಗೆ ಹಿಡಿದ ಮುದುಕರು ಹೊದೆಯುವುದೂ ಕೌದಿಯನ್ನೇ. ಇಷ್ಟು ಬಳಕೆಯ ವಸ್ತುವಾದುದರಿಂದಲೇ ನಾವು ಅದನ್ನು ಲಕ್ಷ್ಯಗೊಟ್ಟು ನೋಡುವುದಿಲ್ಲ. ದೊಡ್ಡ ಬೇನೆಯಿಂದ ಎದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬಳಿಗೆ ಈ ಹಳೆಯ ಅರಿವೆಯ ಕಸುಬು ಹೇಗೆ ಆಸರೆಯಾಗಬಲ್ಲದು, ಆ ಆಸರೆಗೆ ನಮ್ಮ ಸಮಾಜದ ಯಾವ ಭಯ ಅಡ್ಡ ಬರುತ್ತದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಓದಿ ತಿಳಿದುದನ್ನೂ ಮನೆಯಲ್ಲಿ ಕಂಡುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಕೌದಿಯ ರಚನೆಯನ್ನು ನೋಡೋಣ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ, ಅಂಗಿ, ಕುಬಸಗಳೇ ಇದರ ಸಾಮಗ್ರಿ. ಇವನ್ನು ತೊಳೆದು ಒಣಗಿಸಿ, ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು, ಗಟ್ಟಿಯಾಗಿ ಉಳಿದ ಭಾಗಗಳನ್ನು ಹರಿದು ಇಟ್ಟುಕೊಳ್ಳುವರು. ನೆಲದ ಮೇಲೆ ಒಂದು ಸೀರೆಯನ್ನು ಹಾಸಿ, ಅದರ ಮೇಲೆ ತುಂಡುಗಳನ್ನು ಪದರು ಪದರಾಗಿ ಹರವಿ, ಎಲ್ಲಕ್ಕೂ ಮೇಲೆ ಮತ್ತೊಂದು ಸೀರೆಯನ್ನೋ ಬಣ್ಣದ ತುಂಡುಗಳ ಜೋಡಣೆಯನ್ನೋ ಹೊಚ್ಚುವರು. ಬಳಿಕ ಬೇಕಾದುದು ಒಂದು ದೊಡ್ಡ ಸೂಜಿ ಮತ್ತು ದಪ್ಪ ದಾರ. ಅಂಚಿನಿಂದ ಹೊರಟ ಹೊಲಿಗೆ ಸಾಲು ಸಾಲಾಗಿ ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ಗಾದಿಯಂತೆ ಇದರಲ್ಲಿ ಅರಳೆ ತುಂಬುವುದಿಲ್ಲ. ಪದರುಗಳ ನಡುವೆ ಸಿಕ್ಕ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ.

ಈ ಕಸುಬು ನಮ್ಮದೊಂದೇ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಕವಂದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಚಿದ ಅರಿವೆಯ ‘ಫೂಲ’ ಕೂಡಿಸದೆ ಅವರು ಅದನ್ನು ಪೂರ್ತಿಯಾಯಿತೆಂದು ಬಗೆಯುವುದಿಲ್ಲ. ಮಹಾರಾಷ್ಟ್ರದ ಗೋಧಡಿ, ಬಂಗಾಲದ ಕಾಂಥಾ, ಬಿಹಾರದ ಸುಜನಿ ಇವೆಲ್ಲವೂ ಇದೇ ಬಳಗಕ್ಕೆ ಸೇರಿದವು. ಹಳೆಯದನ್ನು ಚೆಲ್ಲದೆ ಪದರು ಕೂಡಿಸಿ ಹೊಲಿಯುವುದು ಇವೆಲ್ಲಕ್ಕೂ ಸಮಾನವಾದ ಗುಣ.

ಇನ್ನು ಬೇನೆಯ ವಿಷಯ. ನಮ್ಮದು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಎರಡು ಎಕರೆ ಎರಿಯ ಹೊಲ, ಉಳಿದ ದಿನಗಳಲ್ಲಿ ಕೂಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮವ್ವ ಸಹಿ ಮಾಡಲು ಕಲಿತದ್ದು ನನ್ನ ಪಾಟಿಯ ಮೇಲೆ. ಅವಳಿಗೆ 46 ವರ್ಷವಾದಾಗ ಬಿಡದ ಕೆಮ್ಮು, ಸಂಜೆಯ ಜ್ವರ ಹತ್ತಿದವು, ಮೈ ಇಳಿಯತೊಡಗಿತು. ಕಫ ಪರೀಕ್ಷೆಯಲ್ಲಿ ಕ್ಷಯರೋಗವೆಂದು ಗೊತ್ತಾಯಿತು.

ಈ ರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯವಿಜ್ಞಾನಿ 1882ನೆಯ ಇಸವಿಯ ಮಾರ್ಚ 24ರಂದು ಲೋಕಕ್ಕೆ ತಿಳಿಸಿದನು. ಅದನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ಔಷಧ ದೊರೆತದ್ದು 1943ರಲ್ಲಿ. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ. ಸರಕಾರ ಇವನ್ನು ಉಚಿತವಾಗಿ ಕೊಡುತ್ತದೆ. ಚಿಕಿತ್ಸೆಯ ಕಾಲದ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರದಿಂದ 1,000 ರೂಪಾಯಿಗೆ ಏರಿಸಲಾಗಿದೆ. ಅವ್ವ ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿದಳು, ಗುಣ ಹೊಂದಿದಳು.

ಆದರೆ ಗುಣವಾಗುವುದು ಬೇರೆ, ಮೊದಲಿನಂತಾಗುವುದು ಬೇರೆ. ಕ್ರಿಮಿ ಸತ್ತ ಮೇಲೂ ಪುಪ್ಪುಸದಲ್ಲಿ ಆದ ಗಾಯದ ಕಲೆ ಕೆಲವರಲ್ಲಿ ಉಳಿಯುತ್ತದೆ, ದುಡಿದರೆ ಉಸಿರು ಸಾಲದಾಗುತ್ತದೆ. ಅವ್ವ ನೀರಿನ ಕೊಡ ಹೊತ್ತು ಬರುವಾಗ ದಾರಿಯಲ್ಲಿ ಮೂರು ಕಡೆ ಇಳಿಸಬೇಕಾಯಿತು. ಕಳೆ ತೆಗೆಯಲು ಹೋದರೆ ಜೊತೆಯವರು ಸಾಲು ಮುಗಿಸಿದಾಗ ಇವಳು ಅರ್ಧಕ್ಕೆ ನಿಂತಿರುತ್ತಿದ್ದಳು. ಇಂಥ ಬೇನೆ ನಡುವಯಸ್ಸಿನಲ್ಲಿ ಬಂದರೆ ಅದರ ಕಷ್ಟವೇ ಬೇರೆ. ಮುದುಕಿಯಾಗಿದ್ದರೆ ಸುಮ್ಮನೆ ಕುಳಿತರೂ ಯಾರೂ ಏನೂ ಅನ್ನುವುದಿಲ್ಲ. ಹರೆಯದವಳಾಗಿದ್ದರೆ ಬೇಗ ಬಲ ಬರುತ್ತದೆ. ನಲವತ್ತಾರು ಎಂದರೆ ಮನೆಯ ನೊಗ ಪೂರ್ತಿಯಾಗಿ ಹೆಗಲ ಮೇಲಿರುವ ಕಾಲ. ಆ ಕಾಲದಲ್ಲಿ ಕೈ ಕಟ್ಟಿ ಕುಳಿತವಳಿಗೆ ತಾನು ಉಣ್ಣುವ ರೊಟ್ಟಿಯೇ ಭಾರವಾಗಿ ತೋರುತ್ತದೆ.

ಬೇನೆಯಿಂದೆದ್ದವರಿಗೆ ಔಷಧದಂತೆಯೇ ಅಳತೆಯ ಕೆಲಸವೂ ಬೇಕೆಂಬುದು ವೈದ್ಯರಿಗೆ ಹಿಂದೆಯೇ ಹೊಳೆದಿತ್ತು. ಇಂಗ್ಲೆಂಡಿನ ಪ್ಯಾಪ್‌ವರ್ತ್ ಎಂಬಲ್ಲಿ 1918ರಿಂದ ಕ್ಷಯರೋಗಿಗಳಿಗಾಗಿಯೇ ಒಂದು ಊರನ್ನು ಬೆಳೆಸಿ, ಶಕ್ತಿಗೆ ತಕ್ಕಷ್ಟು ಕೆಲಸ ಮಾಡುವ ಕಾರ್ಖಾನೆಗಳನ್ನು ಅಲ್ಲಿಟ್ಟರು. ನಮ್ಮ ದೇಶದಲ್ಲಿ ಕೆಲಸದ ಮೂಲಕ ಚೇತರಿಕೆ ತರುವ ವಿದ್ಯೆಯ ಮೊದಲ ಶಾಲೆಯನ್ನು ಶ್ರೀಮತಿ ಕಮಲಾ ನಿಂಬಕರ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೆರೆದರು. ನಮ್ಮ ಹಳ್ಳಿಗೆ ಇಂಥ ಶಾಲೆಯಿಂದ ಯಾರೂ ಬಂದವರಲ್ಲ. ಅವ್ವ ತಾನಾಗಿಯೇ ಅಟ್ಟದ ಮೇಲಿನ ಹಳೆ ಅರಿವೆಯ ಗಂಟನ್ನು ಇಳಿಸಿದಳು.

ಕೌದಿ ಇಂಥವರಿಗೆ ಹೊಂದುವುದೇಕೆ? ಮೊದಲನೆಯದಾಗಿ, ಅದಕ್ಕೆ ಅವಸರವಿಲ್ಲ. ಹೊಲದ ಕೆಲಸಕ್ಕೆ ಹಸಿಯ, ಹದದ ಕಟ್ಟುಂಟು. ಕೌದಿಯನ್ನು ಮಡಿಚಿಟ್ಟರೆ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಎರಡನೆಯದಾಗಿ, ಅದರಲ್ಲಿ ಅಳತೆಯುಂಟು. ಅವ್ವನ ಅಳತೆ ಸೂಜಿಗೆ ಪೋಣಿಸಿದ ಒಂದು ಮಾರು ದಾರ. ಮೊದಲ ವಾರ ದಿನಕ್ಕೆ ಒಂದು ದಾರ ಮುಗಿಯುವಷ್ಟಕ್ಕೇ ದಣಿವು. ತಿಂಗಳ ಕೊನೆಗೆ ಐದು. “ಇವತ್ತ ಐದು ದಾರ ಹಾಕೇನಿ ನೋಡವಾ” ಎಂದು ಹೇಳುವಾಗ ಅವಳ ಮಾತಿನಲ್ಲಿ ಹಳೆಯ ಗತ್ತು ತಿರುಗಿ ಬಂದಿತ್ತು. ಹೊಲಿಗೆ ಅಂಚಿನಿಂದ ನಡುವಿಗೆ ಸಾಗುವುದರಿಂದ ಆ ಕೌದಿಯ ಅಂಚಿನಲ್ಲಿ ಸೊಟ್ಟ ಸಾಲುಗಳಿವೆ, ನಡುವಿನಲ್ಲಿ ನೆಟ್ಟ ಸಾಲುಗಳಿವೆ. ಬಲ ಬಂದ ಬಗೆ ಅರಿವೆಯ ಮೇಲೆಯೇ ಕಾಣುತ್ತದೆ.

ಮೂರನೆಯದಾಗಿ, ಅದು ಕಣ್ಣು ಮತ್ತು ಬೆರಳುಗಳ ಕೆಲಸ. ಕ್ಷಯದ ಔಷಧಗಳಲ್ಲಿ ಎಥಾಂಬ್ಯೂಟಾಲ್ ಎಂಬುದು ಕೆಲವರಿಗೆ ದೃಷ್ಟಿಯನ್ನು ಮಂಕಾಗಿಸಬಹುದು, ಕೆಂಪು ಹಸಿರುಗಳ ಭೇದ ತಿಳಿಯದಂತೆ ಮಾಡಬಹುದು. ಐಸೋನಿಯಾಜಿಡ್ ಎಂಬುದರಿಂದ ಕೈಕಾಲು ಜುಮುಗುಡಬಹುದು. ಅದನ್ನು ತಡೆಯಲು ಬಿ6 ಜೀವಸತ್ವವನ್ನು ಕೊಡುತ್ತಾರೆ. ಸೂಜಿ ಹಿಡಿಯುವವಳಿಗೆ ಇಂಥ ಬದಲಾವಣೆ ಬೇಗ ಗೊತ್ತಾಗುತ್ತದೆ. ಚಿಕಿತ್ಸೆ ನಡೆದಿರುವಾಗ ದಾರದ ಬಣ್ಣ ತಪ್ಪಿ ಕಂಡರೆ, ಸೂಜಿ ಬೆರಳಿಗೆ ಹತ್ತದಾದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಇನ್ನೊಂದು ಎಚ್ಚರಿಕೆಯೂ ಉಂಟು. ಹತ್ತಿಯ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಅರಳೆ ಹಿಂಜುವ ಕೆಲಸ ಇಂಥವರಿಗೆ ಸಲ್ಲದು. ಕೌದಿಯ ಅರಿವೆಯನ್ನು ತೊಳೆದೇ ಬಳಸುವುದರಿಂದ ಧೂಳು ಕಡಿಮೆ. ಆದರೂ ಅರಿವೆ ಝಾಡಿಸುವುದನ್ನು ಮನೆಯ ಬೇರೆಯವರು ಅಂಗಳದಲ್ಲಿ ಮಾಡಿಕೊಟ್ಟರೆ ಲೇಸು.

ನೂಲಿನ ಕೆಲಸ ಮನಸ್ಸಿಗೂ ಹಿತವೆಂಬುದಕ್ಕೆ ಆಧಾರವಿದೆ. ಹಲವು ದೇಶಗಳ 3,545 ಹೆಣಿಗೆಗಾರರನ್ನು ಪ್ರಶ್ನಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿ, ಹೆಚ್ಚು ಸಂತೋಷವನ್ನು ಹೇಳಿಕೊಂಡರೆಂದು ಅದರಿಂದ ತಿಳಿಯುತ್ತದೆ. ಉತ್ತರ ಕೊಟ್ಟವರು ಮೊದಲೇ ಹೆಣಿಗೆಯನ್ನು ಮೆಚ್ಚಿದವರು ಎಂಬುದನ್ನೂ ಮರೆಯಬಾರದು. ರೋಗವನ್ನು ಕೊಲ್ಲುವುದು ಔಷಧವೇ ಹೊರತು ಸೂಜಿಯಲ್ಲ. ಕೌದಿ ಹೊಲಿದು ಸಂಸಾರ ಸಾಗಿಸುವುದೂ ಆಗದು. ಖಾಲಿಯಾದ ದಿನಕ್ಕೆ ಒಂದು ಆಕಾರ ಕೊಡುವುದು, ಮಾಡಿದ್ದು ಕಣ್ಣಿಗೆ ಕಾಣುವಂತೆ ಮಾಡುವುದು, ಇವಿಷ್ಟೇ ಅದರ ಉಪಕಾರ. ಅದು ಸಣ್ಣದೇನಲ್ಲ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ನಾಲ್ಕಾರು ಹೆಂಗಸರು ಒಂದೇ ಕೌದಿಯ ಸುತ್ತ ಕುಳಿತು ಹೊಲಿಯುವುದು ವಾಡಿಕೆ. ಆ ವರುಷ ಅವ್ವನನ್ನು ಯಾರೂ ಕರೆಯಲಿಲ್ಲ. ಜಗಳವಿಲ್ಲ, ಕೆಟ್ಟ ಮಾತಿಲ್ಲ. “ನಿಮ್ಮವ್ವಗ ದಣಿವಾಗ್ತೈತಿ, ಕುಂದ್ರಲಿ ಬಿಡವಾ ತಂಗಿ” ಎಂದು ನನಗೆ ಹೇಳಿದರು. ಅವಳು ಹೊಲಿದ ಅರಿವೆಯನ್ನು ಹೊದ್ದರೆ ಬೇನೆ ಬರುವುದೆಂಬ ಭಯ ಆ ಮೃದು ಮಾತಿನ ಕೆಳಗಿತ್ತು. ಅವ್ವನಿಗೂ ಅದು ತಿಳಿಯಿತು. ಎರಡು ದಿನ ಸೂಜಿ ಮುಟ್ಟಲಿಲ್ಲ.

ಈ ಭಯಕ್ಕೆ ಆಧಾರವಿಲ್ಲ. ಪುಪ್ಪುಸದ ಕ್ಷಯವುಳ್ಳವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಗಾಳಿಗೆ ಬಂದ ಕ್ರಿಮಿಯನ್ನು ಉಸಿರಾಡುವುದರಿಂದ ರೋಗ ಹರಡುತ್ತದೆ. ಹಾಸಿಗೆ, ಹೊದಿಕೆ, ತಾಟು, ತಂಬಿಗೆಗಳಿಂದ ಹರಡುವುದಿಲ್ಲ. ಸರಿಯಾದ ಔಷಧ ಹತ್ತಿದ ಕೆಲವು ವಾರಗಳಲ್ಲೇ ಹರಡುವ ಶಕ್ತಿ ಬಹಳ ತಗ್ಗುತ್ತದೆ. ಗುಣ ಹೊಂದಿದವರಿಂದಂತೂ ಅಂಜಿಕೆಯೇ ಇಲ್ಲ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನ ಕೇಂದ್ರವೊಂದು ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲೂ ಕೆಲವರಿಗೆ ಅವರ ಇಕ್ಕಟ್ಟಾದ ಬಡಮನೆಗಳಲ್ಲೂ ಔಷಧ ಕೊಟ್ಟು ಹೋಲಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣ ಹೊಂದಿದರೆಂದು 1959ರಲ್ಲಿ ಪ್ರಕಟಿಸಿತು. ರೋಗಿಯನ್ನು ಮನೆಯಲ್ಲಿಟ್ಟುಕೊಂಡ ಕುಟುಂಬದವರಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲವೆಂದೂ ಕಂಡುಬಂತು. ಕ್ಷಯದವರನ್ನು ಊರ ಹೊರಗಿಡಬೇಕೆಂಬ ಹಳೆಯ ಎಣಿಕೆಯನ್ನು ನಮ್ಮ ದೇಶದ ಈ ಕೆಲಸವೇ ಅಲುಗಾಡಿಸಿತು.

ನಮ್ಮ ಓಣಿಯಲ್ಲಿ ಈ ಮಾತನ್ನು ತಿಳಿಸಿದವಳು ಆಶಾ ಕಾರ್ಯಕರ್ತೆ. ಒಂದು ಮಧ್ಯಾಹ್ನ ಎಲ್ಲರೆದುರಿಗೆ ಅವ್ವನ ಕೌದಿಯ ಮೇಲೆಯೇ ಕುಳಿತು, ಚಹ ಕುಡಿದು, “ಗುಳಿಗಿ ಮುಗದಾವು, ಕಫ ಸ್ವಚ್ಛ ಐತಿ. ಅರಿವ್ಯಾಗಿಂದ ಟೀಬಿ ಬರೂದಿಲ್ಲ” ಎಂದಳು. ನಾಲ್ಕು ದಿನದ ಮೇಲೆ ಮಗ್ಗಲ ಮನೆಯ ಚಿಗವ್ವ ತನ್ನದೊಂದು ಹಳೆಯ ಇಳಕಲ್ಲ ಸೀರೆ ತಂದು, “ಅಕ್ಕಾ, ಮೊಮ್ಮಗನ ತೊಟ್ಟಲಿಗೊಂದು ಹೊಲದ ಕೊಡು” ಎಂದಳು. ಇಂದಿಗೂ ಎರಡು ಮನೆಯವರು ದೂರವೇ ಇದ್ದಾರೆ. ಉಳಿದವರು ಅವ್ವನನ್ನು ಕರೆಯುತ್ತಾರೆ, ದಣಿದಾಗ ಗೋಡೆಗೆ ಒರಗಲು ಜಾಗ ಬಿಡುತ್ತಾರೆ.

ವಿದ್ಯಾರ್ಥಿಮಿತ್ರರೇ, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ನಮ್ಮಲ್ಲಿ ಹಲವರ ಓಣಿಯಲ್ಲಿ ಇಂಥ ಮನೆಗಳಿರುವುದು ನಿಶ್ಚಯ. ಎರಡು ವಾರಕ್ಕೆ ಮೀರಿ ಕೆಮ್ಮುವವರನ್ನು ಕಫ ಪರೀಕ್ಷೆಗೆ ಕರೆದೊಯ್ಯುವುದು, ಔಷಧವನ್ನು ನಡುವೆ ಬಿಡದಂತೆ ನೋಡಿಕೊಳ್ಳುವುದು ಓದಿದವರಾದ ನಮ್ಮ ಮೊದಲ ಕರ್ತವ್ಯ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹಳ್ಳಿಗೆ ಹೋದಾಗ ರಸ್ತೆ ಗುಡಿಸುವುದರ ಜೊತೆಗೆ ಈ ಮಾತುಗಳನ್ನೂ ಮನೆಮನೆಗೆ ಮುಟ್ಟಿಸಬಹುದು. ಎರಡನೆಯ ಕರ್ತವ್ಯ ಇನ್ನೂ ಸುಲಭ. ಗುಣವಾಗಿ ಬಂದವರ ಕೈಗೆ ಅವರ ಬಲಕ್ಕೆ ತಕ್ಕ ಕೆಲಸವನ್ನು ಕೊಟ್ಟು, ನಾಲ್ವರು ಕುಳಿತಲ್ಲಿ ಅವರನ್ನೂ ಕೂಡ್ರಿಸಿಕೊಳ್ಳೋಣ. ಆಸ್ಪತ್ರೆಯವರು ಕೊಡಲಾರದ ಈ ಔಷಧವನ್ನು ಕೊಡಬೇಕಾದವರು ಅಕ್ಕಪಕ್ಕದ ಮನೆಯವರಾದ ನಾವು.